ನಡುವಿನ ಬೇರಿಂಗು

ಚಿಕ್ಕ ಮೇಸ್ತ್ರಿಯನ್ನು ಮೊದಲ ಸಲ ಕಂಡ ದಿನ ನನಗೆ ಕಂಡದ್ದು ಅವರ ಎರಡು ಪಾದ ಮಾತ್ರ. ಉಳಿದ ಮೈಯೆಲ್ಲ ಒಂದು ವ್ಯಾನಿನ ಕೆಳಗಿತ್ತು. ಗ್ಯಾರೇಜಿನಲ್ಲಿ ಸಾಮಾನು ತೊಳೆಯಲು ಜನ ಬೇಕಂತೆ ಎಂದು ಯಾರೋ ಹೇಳಿದ್ದಕ್ಕೆ ಹೋಗಿದ್ದೆ. ನನ್ನ ಯಜಮಾನರು ತೀರಿಕೊಂಡ ವರ್ಷ ಅದು, ಕೈಗೊಂದು ಕೆಲಸ ಬೇಕಿತ್ತು. ಬಾಗಿಲಲ್ಲಿ ನಿಂತು ಬಂದ ವಿಷಯ ಹೇಳಿದೆ. ವ್ಯಾನಿನ ಕೆಳಗಿನಿಂದ ಉತ್ತರದ ಬದಲು ಒಂದು ಕೈ ಬಂತು. ಅಂಗೈ ಮೇಲೆ ಎರಡು ವಾಲ್ವು. ಉದ್ದ ಕಾಲಿನ ಅಣಬೆಯ ಹಾಗಿದ್ದವು, ಎರಡಕ್ಕೂ ಮೈತುಂಬ ಗ್ರೀಸು.

“ಎರಡೂ ಒಂದೇನಾ, ಬೇರೆ ಬೇರೆನಾ?” ಎಂದು ಕೆಳಗಿನ ದನಿ ಕೇಳಿತು.

ನನಗೆ ಒಂದೇ ಥರ ಕಂಡವು. ಆದರೂ ಒರೆಸಲು ಬಟ್ಟೆ ಇದೆಯೇ ಎಂದು ಕೇಳಿದೆ. ಒರೆಸಿ, ಬೆಳಕಿಗೆ ಹಿಡಿದು, ಉಗುರು ಆಡಿಸಿ ನೋಡಿದೆ. ಒಂದರ ಕಾಲಿನ ತುದಿಯಲ್ಲಿ ಒಂದೇ ಗೀರು ಸುತ್ತಿಬಂದಿತ್ತು, ಇನ್ನೊಂದರಲ್ಲಿ ಒತ್ತೊತ್ತಾಗಿ ಮೂರು. ಕಂಡದ್ದನ್ನು ಹೇಳಿದೆ.

“ನಾಳೆಯಿಂದ ಬನ್ನಿ” ಎಂದಿತು ದನಿ. ಮುಖ ನೋಡಿದ್ದು ಮರುದಿನವೇ. ಅಷ್ಟು ಬೇಗ ಹೇಗೆ ಒಪ್ಪಿದಿರಿ ಎಂದು ಆಮೇಲೊಂದು ಸಲ ಕೇಳಿದ್ದೆ. ಒಂದೇ ಅಂತ ಹೇಳುವುದಕ್ಕೆ ಮುಂಚೆ ಬಟ್ಟೆ ಕೇಳಿದಿರಲ್ಲ, ಅದಕ್ಕೇ ಎಂದಿದ್ದರು.

ಅವರು ಚಿಕ್ಕವರೇನೂ ಆಗಿರಲಿಲ್ಲ. ನಾನು ಸೇರುವ ಹೊತ್ತಿಗೇ ಹಣೆ ಅರ್ಧ ತಲೆಯವರೆಗೆ ಏರಿತ್ತು. ದೊಡ್ಡ ಮೇಸ್ತ್ರಿ ಎಂದರೆ ಅವರ ಅಣ್ಣ. ಅಣ್ಣ ತೀರಿಹೋಗಿ ಬಹಳ ಕಾಲವಾಗಿತ್ತು, ಆದರೂ ದೊಡ್ಡ ಎನ್ನುವುದನ್ನು ಯಾರೂ ಇವರಿಗೆ ದಾಟಿಸಲಿಲ್ಲ. ಪಕ್ಕದ ಶೆಡ್ಡಿನ ವೆಲ್ಡರ್ ಬಂದ ಗಿರಾಕಿಗಳಿಗೆಲ್ಲ, ನಮ್ಮ ಮೇಸ್ತ್ರಿ ಹಲ್ಲು ಕಟ್ಟಿಸಿಕೊಂಡರೂ ಚಿಕ್ಕ ಮೇಸ್ತ್ರಿಯೇ ಎಂದು ಹೇಳಿ ನಗಿಸುತ್ತಿದ್ದ. ಮೇಸ್ತ್ರಿಯೂ ನಗುತ್ತಿದ್ದರು. ಮದುವೆ ಮಾಡಿಕೊಳ್ಳಲಿಲ್ಲ. ಅಣ್ಣನ ಹೆಂಡತಿಯನ್ನು ನೋಡಿಕೊಳ್ಳುವುದು ತನ್ನ ಪಾಲಿಗೆ ಬಂದ ಕೆಲಸ ಎಂದುಕೊಂಡಿದ್ದರು, ಅದರ ಬಗ್ಗೆ ಮಾತೂ ಆಡುತ್ತಿರಲಿಲ್ಲ.

ಗ್ಯಾರೇಜು ಉದ್ದವಾದ, ಕಿರಿದಾದ ಕೋಣೆ. ಮುಂದೆ ಷಟರು, ನಡುವೆ ಗಾಡಿಯ ಕೆಳಗೆ ನಿಂತು ಕೆಲಸ ಮಾಡಲು ತೋಡಿದ ಹಳ್ಳ, ಗೋಡೆಗೆ ತಗಡು ಹೊದಿಸಿದ ಮೇಜು. ನನ್ನ ಜಾಗ ಹಿಂದೆ, ಮೋರಿಯ ಪಕ್ಕ. ಒಂದು ತೊಟ್ಟಿಯಲ್ಲಿ ಸೀಮೆಎಣ್ಣೆ, ಒಂದರಲ್ಲಿ ಶುದ್ಧ ಡೀಸೆಲ್ಲು, ಎರಡು ಬ್ರಷ್ಷು, ಹಳೆ ಬನಿಯನ್ನಿನ ಬಟ್ಟೆ. ನನ್ನ ತೊಟ್ಟಿಯ ಪಕ್ಕದಿಂದಲೇ ಮೆಟ್ಟಿಲು ಮೇಲಕ್ಕೆ ಹೋಗುತ್ತಿತ್ತು. ಮೇಲೆ ಮನೆ. ಅಲ್ಲಿ ಅತ್ತಿಗೆ. ಮೇಸ್ತ್ರಿಗೆ ಅತ್ತಿಗೆಯಾದ್ದರಿಂದ ವೆಲ್ಡರಿಗೂ ಅತ್ತಿಗೆ, ನನಗೂ ಅತ್ತಿಗೆ, ಬೀದಿಗೆಲ್ಲ ಅತ್ತಿಗೆ. ಅಡಿಗೆ ಆದ ಕೂಡಲೇ ಸೌಟಿನ ಹಿಂಭಾಗದಿಂದ ನೆಲ ಬಡಿಯುತ್ತಿದ್ದರು. ಆ ನೆಲವೇ ನಮ್ಮ ಸೂರು. ಸದ್ದು ಕೇಳಿದರೆ ಮೇಸ್ತ್ರಿ ಕೈಯಲ್ಲಿ ಏನೇ ಇರಲಿ ಇಟ್ಟು ಏಳುತ್ತಿದ್ದರು. ಸ್ವಲ್ಪ ತಡವಾದರೆ, “ತಮ್ಮಾ, ಆ ಕಬ್ಬಿಣ ಆರಿಹೋಗಲ್ಲ, ಊಟ ಆರುತ್ತೆ” ಎಂದು ಮೇಲಿನಿಂದ ದನಿ ಬರುತ್ತಿತ್ತು.

ಅತ್ತಿಗೆಯ ಬೆಳಗು ಶುರುವಾಗುತ್ತಿದ್ದದ್ದು ಗಂಡನ ಫೋಟೋ ಒರೆಸಿ ಬೈಯುವುದರಿಂದ. ಕೆಳಗೆ ತೊಟ್ಟಿ ತುಂಬಿಸುತ್ತ ನಾನು ದಿನವೂ ಕೇಳಿದ್ದೇನೆ. “ಏನು ಅವಸರ ಇತ್ರೀ ನಿಮಗೆ? ಆ ಪೆಡಲಿನ ಮೇಲಿಂದ ಕಾಲು ಸ್ವಲ್ಪ ಎತ್ತಿದ್ರೆ ಕಾಲೇನು ಸವೀತಿತ್ತಾ?” ಹೀಗೆ. ಬೈಗುಳದಲ್ಲಿ ದಿನಕ್ಕೊಂದು ಹೊಸ ಮಾತು ಇರುತ್ತಿತ್ತು. ಬೈದು ಮುಗಿಸಿ ಒಲೆ ಹಚ್ಚುತ್ತಿದ್ದರು. ಆಮೇಲೆ ದಿನವಿಡೀ ನಗುನಗುತ್ತಲೇ ಇರುತ್ತಿದ್ದರು.

ಗ್ಯಾರೇಜಿನ ತೀರ ಹಿಂದೆ, ಬೆಳಕು ತಲುಪದ ಮೂಲೆಯಲ್ಲಿ, ಟಾರ್ಪಾಲು ಮುಚ್ಚಿದ ಒಂದು ಕಾರು ನಿಂತಿತ್ತು. ಇಬ್ಬರೇ ಕೂರುವ ಹಳೆಯ ಸ್ಪೋರ್ಟ್ಸ್ ಕಾರು, ಉದ್ದ ಮೂತಿ, ಬಟ್ಟೆಯ ಚಾವಣಿ. ಅಣ್ಣತಮ್ಮಂದಿರು ಅದನ್ನು ಗುಜರಿಯಿಂದ ತಂದು, ಬಿಡುವಾದಾಗಲೆಲ್ಲ ಒಂದೊಂದೇ ಭಾಗ ಹುಡುಕಿ ಕಟ್ಟಿದ್ದರಂತೆ. ಕಟ್ಟಿ ಮುಗಿದ ಮೇಲೆ ದೊಡ್ಡ ಮೇಸ್ತ್ರಿ ಉದ್ದ ದಾರಿಗೆ ಒಬ್ಬರೇ ತೆಗೆದುಕೊಂಡು ಹೋದರು. ಇಳಿಜಾರಿನ ತಿರುವಿನಲ್ಲಿ ಗಾಡಿ ಅಡ್ಡಡ್ಡ ಜಾರಿ ಸೇತುವೆಯ ಕಲ್ಲುಗೋಡೆಗೆ ಹೊಡೆಯಿತು. ಅಲ್ಲೇ ಹೋದರು. ನೋಡಿದವರು ಸ್ಪೀಡು ಎಂದರು, ಪೊಲೀಸರೂ ಹಾಗೇ ಬರೆದುಕೊಂಡರು. ಅತ್ತಿಗೆಯೂ ಅದನ್ನೇ ನಂಬಿದರು. ಎಂಜಿನ್ನು ತಿರುಗದೆ ಗಟ್ಟಿಯಾಗಿ ಹಿಡಿದುಕೊಂಡಿತ್ತು. ಗೋಡೆಗೆ ಹೊಡೆದ ಪೆಟ್ಟಿಗೆ ಹಾಗಾಗಿದೆ ಎಂದರು, ಯಾರೂ ಬಿಚ್ಚಿ ನೋಡಲಿಲ್ಲ.

ಇದೆಲ್ಲ ನಾನು ಸೇರುವುದಕ್ಕೆ ಮುಂಚಿನ ಮಾತು. ಆದರೆ ಇದನ್ನು ತಿಳಿಯದೆ ಚಿಕ್ಕ ಮೇಸ್ತ್ರಿಯನ್ನು ತಿಳಿಯುವುದಕ್ಕಾಗುವುದಿಲ್ಲ.

ಅವರು ಕೆಲಸ ಮಾಡುವ ರೀತಿಯೇ ಬೇರೆ. ಮೇಜಿನ ಮೇಲೆ ಎರಡು ಬಟ್ಟೆ ಹಾಸುತ್ತಿದ್ದರು. ಎಂಜಿನ್ನಿನಿಂದ ಬಿಚ್ಚಿದ ಹಳೆಯದು ಎಡಕ್ಕೆ, ಹಾಕಬೇಕಾದ ಹೊಸದು ಬಲಕ್ಕೆ. ಒಂದು ವಾಷರಾದರೂ ಸರಿ, ಎಡದ್ದನ್ನೂ ಬಲದ್ದನ್ನೂ ಒಂದರ ಮೇಲೊಂದು ಇಟ್ಟು ನೋಡದೆ ಒಳಗೆ ಹೋಗುವಂತಿರಲಿಲ್ಲ. ಹಳೆ ಕಾರುಗಳಲ್ಲಿ ಇದೊಂದು ದೊಡ್ಡ ಫಜೀತಿ. ಕಂಪನಿಯವರು ಒಂದೇ ಎಂಜಿನ್ನನ್ನು ವರ್ಷಗಟ್ಟಲೆ ಮಾಡುತ್ತಾರೆ, ನಡುವೆ ಏನೋ ತೊಂದರೆ ಕಂಡು ಒಂದು ಭಾಗವನ್ನು ಸ್ವಲ್ಪ ಬದಲಾಯಿಸುತ್ತಾರೆ. ಹೆಸರು ಅದೇ, ಉದ್ದ ಅದೇ, ತೂಕ ಅದೇ. ಎಲ್ಲೋ ಒಂದು ತೂತು ಪಕ್ಕಕ್ಕೆ ಸರಿದಿರುತ್ತದೆ, ಒಂದು ಹಲ್ಲು ಹೆಚ್ಚಿರುತ್ತದೆ. ಅವಳಿ ಮಕ್ಕಳ ಹಾಗೆ, ಹೆತ್ತವಳಿಗೆ ಮಾತ್ರ ಗುರುತು. ಅದರ ಮೇಲೆ, ಕಾರು ಹತ್ತು ಕೈ ದಾಟಿ ಬರುವಷ್ಟರಲ್ಲಿ ಒಂದು ಎಂಜಿನ್ನಿನ ತಲೆ, ಇನ್ನೊಂದರ ಹೊಟ್ಟೆ ಎಂದು ಕಲಬೆರಕೆಯಾಗಿರುತ್ತದೆ. ಎಂಜಿನ್ನಿಗೆ ಬಡಿದ ತಗಡಿನ ಮೇಲೆ ನಂಬರು ಇರುತ್ತದೆ, ಅದನ್ನು ಅವರು ಓದುತ್ತಲೇ ಇರಲಿಲ್ಲ. ತಗಡು ಯಾರು ಬೇಕಾದರೂ ಬಡಿಯಬಹುದು, ಎರಕದಲ್ಲಿ ಮೂಡಿದ ಅಂಕಿ ನೋಡಿ ಎನ್ನುತ್ತಿದ್ದರು. ಎರಕದ ಅಂಕಿ ಸಿಗಬೇಕಾದರೆ ಮಣ್ಣು, ಜಿಡ್ಡು, ಬಣ್ಣ ಎಲ್ಲ ಹೋಗಬೇಕು. ಅದು ನನ್ನ ಕೆಲಸ. ಅಂಕಿಗಳನ್ನು ನಾನು ಸರಿಯಾಗಿ ಕಲಿತದ್ದು ಆ ತೊಟ್ಟಿಯ ಮುಂದೆ ಕೂತೇ.

ಕರೆಂಟು ಹೋಗಿದ್ದ ಒಂದು ಮಧ್ಯಾಹ್ನ, ಮಾಡಲು ಕೆಲಸವಿಲ್ಲದೆ ಇಬ್ಬರೂ ಷಟರಿನ ಬಳಿ ಕೂತಿದ್ದಾಗ ಅವರು ತಾವಾಗಿಯೇ ಆ ಕಾರಿನ ವಿಷಯ ಹೇಳಿದರು. ನಾನು ಕೇಳಿರಲಿಲ್ಲ.

ಎಂಜಿನ್ನಿನ ಹೊಟ್ಟೆಯಲ್ಲಿ ಕ್ರ್ಯಾಂಕು ಎಂಬ ಭಾರದ ಕಬ್ಬಿಣ ತಿರುಗುತ್ತದೆ. ಆ ಕಾರಿನಲ್ಲಿ ಅದು ಮೂರು ಕಡೆ ಕೂತಿರುತ್ತದೆ, ಮುಂದೆ, ನಡುವೆ, ಹಿಂದೆ. ಒಂದೊಂದು ಕಡೆಯೂ ಬಳೆಯನ್ನು ಎರಡು ಹೋಳು ಮಾಡಿದ ಹಾಗಿರುವ ಬೇರಿಂಗು, ಅದರ ಮೇಲೆ ಬೋಲ್ಟಿನಿಂದ ಬಿಗಿಯುವ ಕ್ಯಾಪು. ಬೇರಿಂಗಿನ ಒಂದು ಹೋಳಿನಲ್ಲಿ ತೂತಿರುತ್ತದೆ. ಎಣ್ಣೆ ಬರಬೇಕಾದ್ದು ಅಲ್ಲಿಂದ. ಹಳೆ ಜಾತಿಯದರಲ್ಲಿ ತೂತು ಸರಿಯಾಗಿ ನಡುವೆ, ಹೊಸ ಜಾತಿಯದರಲ್ಲಿ ಕೊಂಚ ಪಕ್ಕಕ್ಕೆ. ಹೊಸದನ್ನು ಹಳೆ ಎಂಜಿನ್ನಿಗೆ ಹಾಕಿದರೂ ಚೆನ್ನಾಗಿಯೇ ಕೂರುತ್ತದೆ, ಆದರೆ ಎಣ್ಣೆಯ ದಾರಿ ಅರ್ಧ ಮುಚ್ಚಿಹೋಗುತ್ತದೆ. ಊರೊಳಗೆ ಓಡಿಸುವಷ್ಟು ದಿನ ಏನೂ ಆಗುವುದಿಲ್ಲ. ಉದ್ದ ದಾರಿಯಲ್ಲಿ ಒತ್ತಿ ಓಡಿಸಿದಾಗ ಒಣಗಿ ಕಾದು, ಇದ್ದಕ್ಕಿದ್ದ ಹಾಗೆ ಹಿಡಿದುಕೊಳ್ಳುತ್ತದೆ. ಹಿಂದಿನ ಚಕ್ರಗಳು ನಿಂತುಬಿಡುತ್ತವೆ.

ಆಗ ಚಿಕ್ಕ ಮೇಸ್ತ್ರಿ ತಗಡಿನ ನಂಬರು ನೋಡಿ ಹೊಸ ಜಾತಿಯ ಬೇರಿಂಗು ತಂದಿದ್ದರು. ಮೂರನ್ನೂ ಕೂರಿಸಿಯೂ ಆಗಿತ್ತು, ಕ್ಯಾಪು ಬಿಗಿಯುವುದೊಂದು ಬಾಕಿ. ಅಣ್ಣ ಎಂಜಿನ್ನಿನ ಪಕ್ಕದ ಮಣ್ಣು ಕೆರೆದು ಎರಕ ನೋಡಿ, ಇದು ಹಳೆ ಜಾತಿ, ಎಲ್ಲ ತೆಗಿ ಎಂದು ಬೈದರು. ಹಳೆ ಜಾತಿಯದು ತಂದದ್ದಾಯಿತು. ಕೂರಿಸುವಾಗ ಅಣ್ಣತಮ್ಮ ಇಬ್ಬರೂ ಕೈ ಹಾಕಿದ್ದರು. ಮೇಜಿನ ಮೇಲೆ ಎರಡೂ ಜಾತಿ ಒಟ್ಟಿಗೇ ಬಿದ್ದಿದ್ದವು.

“ನನ್ನ ಕೈಯಲ್ಲಿ ಒಂದು ಬೇರಿಂಗಿತ್ತು ಅಕ್ಕ” ಎಂದರು ಮೇಸ್ತ್ರಿ. “ಹೊರಗೆ ಯಾರೋ ಹಾರ್ನ್ ಹೊಡೆದ್ರು. ಹೋಗಿ ಮಾತಾಡಿ ಬಂದೆ. ಬಂದು, ಕೈಯಲ್ಲಿದ್ದದ್ದನ್ನ ಹಾಕಿ ಬಿಗಿದೆ. ಅದು ಹಾಕ್ಬೇಕಾಗಿದ್ದ ಬೇರಿಂಗಾ, ತೆಗೆದಿದ್ದ ಬೇರಿಂಗಾ? ಅದೊಂದು ನೆನಪಾಗಲ್ಲ. ಆಮೇಲೊಂದು ಸಲ ನಾನು ನೋಡ್ತೀನಿ ಅಂದಿದ್ದ ಅಣ್ಣ. ನೋಡಿದ್ನೋ ಇಲ್ವೋ.”

ಉಳಿದ ಬೇರಿಂಗುಗಳನ್ನು ಎಣಿಸಿದ್ದರೆ ತಿಳಿಯುತ್ತಿತ್ತಲ್ಲ ಎಂದೆ. ಸಾವಿಗೆ ಬಂದ ನೆಂಟರು ಸಹಾಯ ಮಾಡುತ್ತೇವೆಂದು ಗ್ಯಾರೇಜು ಗುಡಿಸಿ, ಮೇಜಿನ ಮೇಲಿದ್ದುದನ್ನೆಲ್ಲ ಗುಜರಿಗೆ ಹಾಕಿದ್ದರಂತೆ. ಹಾಗಾದರೆ ಎಂಜಿನ್ನು ಬಿಚ್ಚಿ ನೋಡಬಹುದು ಎಂದೆ. ನೋಡಬಹುದು ಎಂದು ಎದ್ದು ನಲ್ಲಿಯ ಬಳಿ ಹೋಗಿ ಕೈ ತೊಳೆದುಕೊಂಡರು. ಅಷ್ಟು ವರ್ಷ ಅದೇ ಸೂರಿನ ಕೆಳಗೆ ಆ ಕಾರು ಇತ್ತು, ಅವರ ಕೈಯಲ್ಲಿ ಪಾನಾ ಇತ್ತು, ಬಿಚ್ಚಿರಲಿಲ್ಲ. ಟಾರ್ಪಾಲು ಹರಿದಾಗ ಹೊಸದು ಹೊದಿಸುತ್ತಿದ್ದರು.

ಬಿಚ್ಚುವ ಹಾಗೆ ಮಾಡಿದ್ದು ಒಬ್ಬ ಹಲ್ಲಿನ ಡಾಕ್ಟರು. ಸಾಧು ಮನುಷ್ಯರು, ಕೂತ ಜಾಗವನ್ನು ಕರವಸ್ತ್ರದಿಂದ ಒರೆಸಿಯೇ ಏಳುವವರು. ಅವರ ಬಳಿ ಅದೇ ಮಾಡೆಲ್ಲಿನ ಕಾರಿತ್ತು. ಎಂಜಿನ್ನಿನ ಒಳಗೆ ಟಕಟಕ ಸದ್ದು ಬರುತ್ತದೆ ಎಂದು ತಂದು ಬಿಟ್ಟರು. ಮೇಸ್ತ್ರಿ ಬಿಚ್ಚಿದರು. ಎಣ್ಣೆಯನ್ನು ಮೇಲೆತ್ತಿ ಕಳಿಸುವ ಪಂಪು ಸವೆದುಹೋಗಿತ್ತು. ಹೊಸದು ಎಲ್ಲೂ ಸಿಗಲಿಲ್ಲ. ಒಂದು ಕಡೆಯಿಂದ ತರಿಸಿದ್ದು ಉದ್ದ ಕುತ್ತಿಗೆಯದು, ಇದಕ್ಕೆ ಬೇಕಾದ್ದು ಗಿಡ್ಡ ಕುತ್ತಿಗೆಯದು. ಎರಡನ್ನೂ ಮೇಜಿನ ಮೇಲೆ ಇಟ್ಟುಕೊಂಡು ಮೇಸ್ತ್ರಿ ಬಹಳ ಹೊತ್ತು ಕೂತರು. ಗಿಡ್ಡ ಕುತ್ತಿಗೆಯ ಪಂಪು ಸಿಗುವ ಜಾಗ ಒಂದೇ ಇತ್ತು, ಟಾರ್ಪಾಲಿನ ಕೆಳಗೆ.

ಅತ್ತಿಗೆಯನ್ನು ಕೇಳಿದ್ದಕ್ಕೆ ಅವರು, ಪಂಪು ಯಾಕೆ, ಪೂರ್ತಿ ಗಾಡಿಯನ್ನೇ ಹೊತ್ತುಕೊಂಡು ಹೋಗಲಿ, ಆ ಮೂಲೆಯಲ್ಲಿ ನಾಲ್ಕು ಮೂಟೆ ಈರುಳ್ಳಿಯಾದರೂ ಇಡಬಹುದು ಎಂದರು. ವೆಲ್ಡರ್, ಸತ್ತವರ ಕಣ್ಣು ದಾನ ಮಾಡಿದ ಹಾಗೆ ಮೇಸ್ತ್ರಿ, ಪುಣ್ಯ ಬರುತ್ತೆ ಎಂದ. ಆ ಸಲ ಮೇಸ್ತ್ರಿ ನಗಲಿಲ್ಲ.

ಸರಪಳಿ ಹಾಕಿ ಎಂಜಿನ್ನು ಎತ್ತಿ, ಸ್ಟ್ಯಾಂಡಿನ ಮೇಲೆ ಮಗುಚಿ ಹಾಕಿದರು. ಕೆಳಗಿನ ಎಣ್ಣೆತಟ್ಟೆ ಬಿಚ್ಚಿದಾಗ ಒಳಗೆ ಎಣ್ಣೆ ಹೋಗಿ ಕಪ್ಪು ಕೆಸರಿನಂಥದ್ದು ಹೆಪ್ಪುಗಟ್ಟಿತ್ತು. ಪಂಪು ತೆಗೆದು ನನ್ನ ಕೈಗೆ ಕೊಟ್ಟರು. ತೊಳೆದೆ. ಗಿಡ್ಡ ಕುತ್ತಿಗೆ. ಡಾಕ್ಟರ ಪಂಪಿನ ಪಕ್ಕ ಇಟ್ಟು ನೋಡಿದರು, ಎಲ್ಲ ಹೊಂದಿತು. ಬೇಕಾದ್ದು ಸಿಕ್ಕಿತ್ತು. ಎಣ್ಣೆತಟ್ಟೆಯನ್ನು ಮತ್ತೆ ಮುಚ್ಚಿಬಿಡಬಹುದಿತ್ತು. ಆದರೆ ತಟ್ಟೆ ಬಿಚ್ಚಿದ ಮೇಲೆ ಮೂರು ಕ್ಯಾಪೂ ಕಣ್ಣೆದುರೇ ಇದ್ದವು.

ಅಣ್ಣತಮ್ಮಂದಿರಿಗೆ ಒಂದು ಅಭ್ಯಾಸ. ಯಾವುದೇ ಕ್ಯಾಪನ್ನು ಕೊನೆಯ ಸಲ ಬಿಗಿದವನು ಅದರ ಅಂಚಿಗೆ ತನ್ನ ಗುರುತು ಹಾಕಬೇಕು. ಅಣ್ಣ ಉಳಿಯಿಂದ ಒಂದು ಚುಕ್ಕೆ ಹೊಡೆಯುತ್ತಿದ್ದರು. ತಮ್ಮ ಅರದಿಂದ ಒಂದು ಗೆರೆ ಎಳೆಯುತ್ತಿದ್ದರು. ಇದನ್ನು ಮೇಸ್ತ್ರಿ ನನಗೆ ಬೇರೆ ಎಂಜಿನ್ನುಗಳ ಮೇಲೆ ಎಷ್ಟೋ ಸಲ ತೋರಿಸಿದ್ದರು.

“ಅಕ್ಕ, ಮೂರೂ ಕ್ಯಾಪಿನ ಅಂಚು ಒರೆಸಿ, ಏನಿದೆ ಹೇಳಿ” ಎಂದರು. ಅವರು ಎಂಜಿನ್ನಿಗೆ ಬೆನ್ನು ಮಾಡಿ ನಿಂತಿದ್ದರು.

“ನೀವೇ ನೋಡಿ ಮೇಸ್ತ್ರಿ.”

“ನನ್ನ ಕಣ್ಣು ನನಗೆ ಬೇಕಾದ್ದನ್ನೇ ನೋಡುತ್ತೆ. ನಿಮಗೆ ಅಣ್ಣನೂ ಗೊತ್ತಿಲ್ಲ, ಗುರುತು ಯಾರದಾಗಬೇಕು ಅನ್ನೋದೂ ಇಲ್ಲ. ನೀವು ನೋಡಿ.”

ಬ್ರಷ್ಷನ್ನು ಸೀಮೆಎಣ್ಣೆಯಲ್ಲಿ ಅದ್ದಿ ಮುಂದಿನ ಕ್ಯಾಪು ಉಜ್ಜಿದೆ. ಚುಕ್ಕೆ ಎಂದೆ. ಹಿಂದಿನದು ಉಜ್ಜಿದೆ. ಚುಕ್ಕೆ. ನಡುವಿನದರಲ್ಲಿ ಜಿಡ್ಡು ಸುಟ್ಟು ಅಂಟಿಕೊಂಡಿತ್ತು, ಸುಲಭವಾಗಿ ಬಿಡಲಿಲ್ಲ. ಕೆರೆದು, ಒರೆಸಿ, ಟಾರ್ಚು ಹಿಡಿದು ನೋಡಿದೆ. ಚುಕ್ಕೆ ಇರಬಹುದೇ ಎಂದು ಎರಡೂ ಅಂಚು, ಮೇಲುಭಾಗ, ಬೋಲ್ಟಿನ ತಲೆ ಎಲ್ಲ ನೋಡಿದೆ. ಉಗುರೂ ಆಡಿಸಿದೆ.

“ಗೆರೆ. ಚುಕ್ಕೆ ಎಲ್ಲೂ ಇಲ್ಲ” ಎಂದೆ.

ಅವರು ಸರಿ ಎಂದರು. ಕ್ಯಾಪುಗಳನ್ನು ಬಿಚ್ಚಿದರು. ನಡುವಿನದು ಹಿಡಿದುಕೊಂಡಿತ್ತು, ಕ್ರ್ಯಾಂಕು ಎತ್ತಲು ವೆಲ್ಡರನ್ನು ಕರೆಯಬೇಕಾಯಿತು. ಮುಂದಿನ ಬೇರಿಂಗೂ ಹಿಂದಿನ ಬೇರಿಂಗೂ ಸುಲಭವಾಗಿ ಕೈಗೆ ಬಂದವು. ತೊಳೆದೆ, ತೂತು ಸರಿ ನಡುವೆ. ನಡುವಿನ ಬೇರಿಂಗನ್ನು ಮರದ ತುಂಡಿನಿಂದ ಒತ್ತಿ ಒತ್ತಿ ಎಬ್ಬಿಸಿದರು. ನೀಲಿಗಟ್ಟಿ ಕಪ್ಪಾಗಿತ್ತು. ಡೀಸೆಲ್ಲಿನಲ್ಲಿ ಬಹಳ ಹೊತ್ತು ಉಜ್ಜಿದೆ. ತೂತು ಪಕ್ಕಕ್ಕಿತ್ತು. ಬೇರಿಂಗಿನ ಬೆನ್ನ ಮೇಲೆ, ಎಣ್ಣೆಯ ದಾರಿ ಬಂದು ಮುಟ್ಟಿದ ಕಡೆ, ಅರ್ಧ ಚಂದ್ರದ ಆಕಾರದಲ್ಲಿ ಒಂದು ಕಲೆ ಕೂತಿತ್ತು. ಅಷ್ಟು ಭಾಗ ಎಣ್ಣೆಗೆ ದಾರಿ ಇರಲಿಲ್ಲ.

ನಾನು ಏನೂ ಹೇಳಬೇಕಾಗಲಿಲ್ಲ. ಅದನ್ನು ನನ್ನ ಕೈಯಿಂದ ತೆಗೆದುಕೊಂಡು, ಅದು ಕೂತಿದ್ದ ಜಾಗದಲ್ಲಿ ಇಟ್ಟು ನೋಡಿದರು. ತೆಗೆದು, ಮುಂದಿನ ಬೇರಿಂಗನ್ನು ಅಲ್ಲಿಟ್ಟು ನೋಡಿದರು. ಮತ್ತೆ ಇದನ್ನು ಇಟ್ಟರು. ಆಮೇಲೆ ಹಳ್ಳದ ಅಂಚಿನಲ್ಲಿ ಕಾಲು ಇಳಿಬಿಟ್ಟು ಕೂತರು.

ವೆಲ್ಡರ್ ಹತ್ತಿರ ಬಂದು ಮೆಲ್ಲಗೆ, ಗುಜರಿಯವನು ಬರುವ ದಿನ ಇವತ್ತೇ ಎಂದ. ಹಾಕಿಬಿಡಿ, ನಾನೂ ಬಾಯಿ ಬಿಡುವುದಿಲ್ಲ, ಅಕ್ಕನೂ ಬಿಡುವುದಿಲ್ಲ, ಈಗ ಇದರಿಂದ ಯಾರಿಗೆ ಏನು ಸಿಗಬೇಕು ಎಂದ. ವೆಲ್ಡರ್ ಕೆಟ್ಟವನಲ್ಲ. ಆ ಹೊತ್ತಿನಲ್ಲಿ ನನಗೂ ಅದೇ ಸರಿ ಎನ್ನಿಸಿತ್ತು.

ಮೇಸ್ತ್ರಿ ಬೇರಿಂಗನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಎದ್ದರು. “ಅಕ್ಕ, ನೀವೂ ಬನ್ನಿ. ನಾನು ಸುತ್ತಿ ಬಳಸಿ ಏನಾದ್ರೂ ಹೇಳೋಕೆ ಹೋದ್ರೆ, ನೀವು ನೆಟ್ಟಗೆ ಹೇಳಿ” ಎಂದರು.

ಅತ್ತಿಗೆ ಕಿಟಕಿಯ ಬಳಿ ಒಗೆದ ಬಟ್ಟೆ ಮಡಿಸುತ್ತ ಕೂತಿದ್ದರು. ನಮ್ಮಿಬ್ಬರನ್ನೂ ಒಟ್ಟಿಗೆ ಕಂಡು, ಏನು, ಇಬ್ಬರೂ ಕೆಲಸ ಬಿಟ್ಟು ಓಡಿಹೋಗುತ್ತಿದ್ದೀರಾ ಎಂದು ತಮಾಷೆ ಮಾಡಿದರು. ಮೇಸ್ತ್ರಿ ಕೂರಲಿಲ್ಲ. ಹೇಳಿದರು. ಸುತ್ತಿ ಬಳಸಲಿಲ್ಲ. ತಗಡು ನೋಡಿ ತಂದದ್ದು, ಹಾರ್ನು, ಗೆರೆ, ತೂತು, ಎಲ್ಲವನ್ನೂ ಒಂದಾದ ಮೇಲೊಂದು ಹೇಳಿದರು. ಅಣ್ಣ ಜೋರಾಗಿ ಓಡಿಸಿದ್ದಕ್ಕೆ ಗಾಡಿ ಜಾರಿದ್ದಲ್ಲ ಎಂದರು. ನಾನು ಬಾಯಿ ತೆರೆಯುವ ಪ್ರಸಂಗ ಬರಲಿಲ್ಲ.

ಅತ್ತಿಗೆ ಬೇರಿಂಗನ್ನು ಕೈಗೆ ತೆಗೆದುಕೊಂಡು ಹಿಂದೆ ಮುಂದೆ ತಿರುಗಿಸಿದರು. ಇಷ್ಟೇನಾ ಎಂದರು. ಆಮೇಲೆ ಮಡಿಸಿದ ಒಂದು ಸೀರೆಯನ್ನು ಬಿಡಿಸಿ ಮತ್ತೆ ಮಡಿಸಿದರು.

“ಇದನ್ನ ನನಗ್ಯಾಕೆ ಹೇಳಿದ್ರಿ?”

ಅಷ್ಟು ವರ್ಷ ಮೈದುನನನ್ನು ನೀನು ಎಂದೇ ಮಾತಾಡಿಸಿದ್ದ ಹೆಂಗಸು. ಮೇಸ್ತ್ರಿಯ ಮುಖ ನೋಡಲು ನನ್ನಿಂದ ಆಗಲಿಲ್ಲ.

“ಹೇಳಬೇಕಾಗಿತ್ತು ಅತ್ತಿಗೆ.”

“ಯಾರಿಗೆ ಬೇಕಾಗಿತ್ತು? ದಿನಾ ಬೆಳಗೆದ್ದು ಆ ಮನುಷ್ಯನ್ನ ಬೈದುಕೊಂಡು ಬದುಕಿದೀನಿ ನಾನು. ಬೈದ್ರೆ ಎದೆ ಹಗುರ ಆಗ್ತಿತ್ತು, ಎದ್ದು ಒಲೆ ಹಚ್ತಿದ್ದೆ, ನಿಮಗೆ ಬಡಿಸ್ತಿದ್ದೆ. ಏನೂ ಮಾಡದ ಮನುಷ್ಯನ್ನ ಇಷ್ಟು ವರ್ಷ ಬೈದೆನಲ್ಲ, ಅದನ್ನೆಲ್ಲ ಹ್ಯಾಗೆ ವಾಪಸ್ ತಗೊಳ್ಲಿ? ಎಲ್ಲಿ ಹೋಗಿ ಹೇಳ್ಲಿ?”

ಮೇಸ್ತ್ರಿ ನಿಂತೇ ಇದ್ದರು. ಅತ್ತಿಗೆ ನನ್ನ ಕಡೆ ತಿರುಗಿ, “ಕೆಳಗೆ ಕರ್ಕೊಂಡು ಹೋಗೇ, ಒಲೆ ಮೇಲೆ ಇಟ್ಟಿದೀನಿ, ಹೊತ್ತುತ್ತೆ” ಎಂದರು. ಒಲೆಯ ಮೇಲೆ ಏನೂ ಇರಲಿಲ್ಲ.

ಮರುದಿನ ಬೆಳಿಗ್ಗೆ ಮೇಲಿನಿಂದ ಬೈಗುಳ ಕೇಳಲಿಲ್ಲ. ಫೋಟೋ ಒರೆಸುವ ಸದ್ದು ಮಾತ್ರ, ಗಾಜಿನ ಮೇಲೆ ಬಟ್ಟೆ ಕಿರುಗುಟ್ಟುವುದು. ಮಧ್ಯಾಹ್ನ ಸೌಟಿನ ಸದ್ದೂ ಬರಲಿಲ್ಲ. ಊಟದ ಹೊತ್ತಿಗೆ ಮೆಟ್ಟಿಲಿನ ಮೇಲುತುದಿಯಲ್ಲಿ ಮುಚ್ಚಿದ ತಟ್ಟೆ ಇತ್ತು. ಅದನ್ನು ನಾನು ಇಳಿಸಿಕೊಂಡು ಬಂದೆ. ಅಂದಿನಿಂದ ಅದೇ ನಡೆಯಿತು. ಮೇಸ್ತ್ರಿ ಮೇಲೆ ಮಲಗುವುದನ್ನು ಬಿಟ್ಟು, ಮಂಚ ಇಳಿಸಿ ಗ್ಯಾರೇಜಿನ ಮೂಲೆಗೆ, ಆ ಕಾರು ನಿಂತಿದ್ದ ಜಾಗಕ್ಕೇ ಹಾಕಿಕೊಂಡರು. ಕಾರನ್ನು ತುಂಡು ಮಾಡಿ ಗುಜರಿಗೆ ಕಳಿಸಿದ್ದಾಗಿತ್ತು.

ಅತ್ತಿಗೆ ಅವರಿಗೆ ಅಡಿಗೆ ಮಾಡಿ ಹಾಕುವುದನ್ನು ಒಂದು ದಿನವೂ ನಿಲ್ಲಿಸಲಿಲ್ಲ. ಆದರೆ ಮೇಸ್ತ್ರಿ ತಂದುಹಾಕಿದ್ದನ್ನು ತಾವು ತಿನ್ನುವುದನ್ನು ನಿಲ್ಲಿಸಿದರು. ಒಬ್ಬ ದರ್ಜಿಯ ಬಳಿಯಿಂದ ಗುಂಡಿ ಹಚ್ಚುವ, ಕಾಜ ಹೊಲಿಯುವ ಕೆಲಸ ತಂದುಕೊಂಡರು. ಅದರಲ್ಲಿ ಬಂದದ್ದರಿಂದ ಒಂದು ಸಣ್ಣ ಪಂಪ್ ಸ್ಟೋವು ಕೊಂಡು ಕಿಟಕಿಯ ಕೆಳಗಿಟ್ಟು, ತಮ್ಮದನ್ನು ಅದರ ಮೇಲೆ ಬೇರೆ ಮಾಡಿಕೊಳ್ಳುತ್ತಿದ್ದರು. ದೊಡ್ಡ ಒಲೆಯ ಮೇಲೆ ಮೈದುನನ ಒಬ್ಬನ ಅಡಿಗೆ. ಇದು ಯಾಕೆ ಎಂದು ಒಂದು ಸಲ ಕೇಳಿದೆ.

“ಅವರಿಗೆ ಹಾಕದೇ ಇದ್ರೆ ಸೇಡು ತೀರಿಸ್ಕೊಂಡ ಹಾಗೆ. ನನಗೆ ಸೇಡೇನಿಲ್ಲ ಕಣೇ. ಅವರು ತಂದಿದ್ದು ಬಾಯಿಗೆ ಹೋಗುತ್ತೆ, ಗಂಟಲಿಂದ ಇಳಿಯಲ್ಲ. ನಾನೇನು ಮಾಡ್ಲಿ?” ಎಂದರು. ಸೂಜಿಗೆ ದಾರ ಪೋಣಿಸಿಕೊಡು ಎಂದು ನನ್ನ ಕೈಗೆ ಕೊಟ್ಟರು.

ಡಾಕ್ಟರ ಕಾರು ಮುಗಿಯಿತು, ಚೆನ್ನಾಗಿಯೇ ಮುಗಿಯಿತು. ಆದರೆ ಮೇಸ್ತ್ರಿ ಅದನ್ನು ಮುಚ್ಚಿ, ಬಿಚ್ಚಿ, ಮತ್ತೆ ಮುಚ್ಚಿ, ಮತ್ತೆ ಬಿಚ್ಚಿದ್ದನ್ನು ನಾನು ನೋಡಿದ್ದೇನೆ. ಬೋಲ್ಟು ಬಿಗಿದು ಗೆರೆ ಎಳೆದ ಮೇಲೂ, ಅಕ್ಕ, ನಾನು ಹಾಕಿದ್ದು ಬಲಗಡೆ ಬಟ್ಟೆ ಮೇಲಿನದೇ ತಾನೇ ಎನ್ನುತ್ತಿದ್ದರು. ಹೌದು ಎಂದರೆ ಒಪ್ಪುತ್ತಿರಲಿಲ್ಲ. ಡಾಕ್ಟರು ಒಳ್ಳೆಯವರು, ಕಾದರು. ಆಮೇಲೆ ಬಂದವರು ಯಾಕೆ ಕಾಯುತ್ತಾರೆ? ಸಂಜೆಗೆ ಕೊಡುತ್ತೇನೆಂದ ವ್ಯಾನು ವಾರ ಕಳೆದರೂ ಹಳ್ಳದ ಮೇಲೆಯೇ ಇರುತ್ತಿತ್ತು. ಮುಚ್ಚಿದ ಎಂಜಿನ್ನನ್ನು ಅವರಿಂದ ಸಹಿಸಲಾಗುತ್ತಿರಲಿಲ್ಲ. ಕೈ ಮಾತ್ರ ಹಿಂದಿನಷ್ಟೇ ಚುರುಕು, ಅದರಲ್ಲಿ ಒಂದು ತಪ್ಪೂ ಇರುತ್ತಿರಲಿಲ್ಲ. ಆ ಕೈಯ ಮೇಲೆ ಅವರಿಗೆ ನಂಬಿಕೆ ಉಳಿದಿರಲಿಲ್ಲ ಅಷ್ಟೇ. ಗಿರಾಕಿಗಳು ಒಬ್ಬೊಬ್ಬರಾಗಿ ಬೇರೆ ಕಡೆ ಹೋದರು. ವೆಲ್ಡರ್ ತಮಾಷೆ ನಿಲ್ಲಿಸಿದ, ನಿಲ್ಲಿಸಿದ ಮೇಲೆ ಬರುವುದನ್ನೂ ಕಡಿಮೆ ಮಾಡಿದ. ತೊಳೆಯಲು ಸಾಮಾನು ಇಲ್ಲದ ದಿನಗಳಲ್ಲಿ ನಾನು ಹಳೆ ನಟ್ಟುಬೋಲ್ಟುಗಳನ್ನೇ ತೊಳೆದು ಜಾತಿವಾರು ಡಬ್ಬಕ್ಕೆ ಹಾಕುತ್ತಿದ್ದೆ.

ದಿನವೂ ತಟ್ಟೆ ಇಳಿಸಿ ತಂದಾಗ ಅವರು ಕೇಳುತ್ತಿದ್ದದ್ದು ಒಂದೇ, ಅತ್ತಿಗೆ ಊಟ ಮಾಡಿದರೇ ಎಂದು. ಮಾಡಿದರು ಎನ್ನುತ್ತಿದ್ದೆ. ನಿಜವೇ, ಮಾಡಿರುತ್ತಿದ್ದರು. ಅದಕ್ಕಿಂತ ಹೆಚ್ಚಿಗೆ ಅವರು ಕೇಳುತ್ತಿರಲಿಲ್ಲ, ನಾನೂ ಹೇಳುತ್ತಿರಲಿಲ್ಲ. ಹೂಂ ಎಂದು ಮುಚ್ಚಳ ತೆಗೆದು ತಿನ್ನುತ್ತಿದ್ದರು. ತರಕಾರಿಯವನು ಬಂದರೆ ಒಬ್ಬರಿಗೆ ಹೆಚ್ಚಾಗುವಷ್ಟನ್ನು ಕೊಂಡು ಮೆಟ್ಟಿಲ ಮೇಲೆ ಇಟ್ಟುಬರುತ್ತಿದ್ದರು. ಬಾಡಿದ ಅರ್ಧವನ್ನು ಅತ್ತಿಗೆ ಮೇಸ್ತ್ರಿಗೆ ಕಾಣದ ಹಾಗೆ ನನ್ನ ಚೀಲಕ್ಕೆ ಹಾಕುತ್ತಿದ್ದರು.

ಎದೆಯ ಕಾಯಿಲೆ ಮೊದಲಿನಿಂದಲೂ ಇತ್ತೋ, ಆಗ ಬಂತೋ ತಿಳಿಯದು. ಒಂದು ಬೆಳಿಗ್ಗೆ ನಾನು ಹೋಗಿ ಷಟರು ಎತ್ತಿದಾಗ ಮಂಚದಿಂದ ಏಳಲಾಗದೆ ಗೋಡೆಗೆ ಒರಗಿ ಕೂತಿದ್ದರು, ಉಸಿರು ಎಳೆಯುವುದು ನನ್ನ ತೊಟ್ಟಿಯವರೆಗೆ ಕೇಳುತ್ತಿತ್ತು. ವೆಲ್ಡರೂ ನಾನೂ ಆಸ್ಪತ್ರೆಗೆ ಸೇರಿಸಿದೆವು. ಉದ್ದನೆಯ ವಾರ್ಡು, ಗೋಡೆಗೆ ಅರ್ಧದವರೆಗೆ ಹಸಿರು ಬಣ್ಣ, ಕಿಟಕಿಯ ಪಕ್ಕದ ಹಾಸಿಗೆ. ಅತ್ತಿಗೆ ದಿನವೂ ಡಬ್ಬಿ ಕಟ್ಟಿ ಕೊಟ್ಟರು. ತಾವು ಬರಲಿಲ್ಲ. ಬರುತ್ತೀರಾ ಎಂದು ಕೇಳಿದಾಗಲೆಲ್ಲ ದರ್ಜಿ ಅವಸರ ಮಾಡುತ್ತಿದ್ದಾನೆ ಎನ್ನುತ್ತಿದ್ದರು. ಒಂದು ದಿನ ಸೀರೆ ಬದಲಾಯಿಸಿ ಮೆಟ್ಟಿಲ ಅರ್ಧದವರೆಗೆ ಇಳಿದು ಬಂದರು. ಅಲ್ಲೇ ನಿಂತು, ನೀನು ಹೋಗು ಎಂದರು.

ಕೊನೆಯ ಸಲ ನಾನು ಹೋದಾಗ ಮೇಸ್ತ್ರಿಯ ಮೂಗಿಗೆ ಆಮ್ಲಜನಕದ ನಳಿಕೆ ಹಾಕಿದ್ದರು. ಕೈ ತೆಳ್ಳಗಾಗಿತ್ತು, ಉಗುರಿನ ಸಂದಿಯ ಕಪ್ಪು ಮಾತ್ರ ಹಾಗೇ ಇತ್ತು. ಡಬ್ಬಿ ಬಿಚ್ಚಿ ತೋರಿಸಿದೆ. ಬೇಡ ಎಂದು ತಲೆಯಾಡಿಸಿದರು. ಸ್ವಲ್ಪ ಹೊತ್ತು ಕಣ್ಣು ಮುಚ್ಚಿದ್ದರು, ನಿದ್ದೆ ಬಂತೆಂದುಕೊಂಡು ನಾನು ಡಬ್ಬಿಯ ಮುಚ್ಚಳ ಹಾಕುತ್ತಿದ್ದೆ. ಆಗ ಕೈ ಹಿಡಿದರು. ಮಾತಿಗೂ ಮಾತಿಗೂ ನಡುವೆ ಉಸಿರು ಎಳೆದುಕೊಳ್ಳಬೇಕಾಗುತ್ತಿತ್ತು.

“ಕೆಳಗೆ ಮಲಗಿದ್ರೂ ನನಗೆ ಮೇಲಿನ ಸದ್ದೆಲ್ಲ ಕೇಳ್ತಿತ್ತು ಅಕ್ಕ. ಸ್ಟೋವಿಗೆ ಪಂಪ್ ಹೊಡೆಯೋದು ಕೇಳ್ತಿತ್ತು. ನಮ್ಮ ಮನೇಲಿ ಮೊದಲು ಸ್ಟೋವ್ ಇರಲಿಲ್ಲ. ಅತ್ತಿಗೆ ಊಟ ಮಾಡಿದ್ರು, ಮಾಡಿದ್ರು ಅಂತ ನೀವು ದಿನಾ ಹೇಳ್ತಿದ್ರಿ. ಒಂದು ದಿನನಾದ್ರೂ ನಾನು ತಂದಿದ್ದನ್ನ ತಿಂದ್ರಾ?”